‘ಕಾಯು: ೩’ ಎಂಬ ಸಾಲು

ಗದಗ, ಫೆಬ್ರವರಿ ೩೦, ೨೧೯೧

ಸುನಂದಜ್ಜಿಯವರಿಗೆ ನಮಸ್ಕಾರ.

ತಾರೀಖು ತಪ್ಪಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ದಿನಗಳಿಗೆ ತಾರೀಖೇ ಇಲ್ಲ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು, ನಿಮ್ಮ ಕಾಲದ ಕನ್ನಡವನ್ನು ಆಮೇಲೆ ಕಲಿತೆ. ನಿಮ್ಮನ್ನು ಅಜ್ಜಿ ಎನ್ನಲೂ ಸಂಕೋಚ. ನನಗೆ ನಲವತ್ತಾರು, ನಿಮ್ಮ ಕಾಲದಲ್ಲಿ ಕೂತು ಇದನ್ನು ಓದುವಾಗ ನೀವು ನನಗಿಂತ ಚಿಕ್ಕವರು.

ಆಫೀಸಿನದು, ಮನೆಯದು, ಕೈಚೀಲದಲ್ಲಿರುವುದು, ಮೂರು ಕಂಪ್ಯೂಟರುಗಳೂ ಒಂದೇ ಥರ ನಡೆದುಕೊಳ್ಳಲಿ ಎಂದು ನೀವು ಒಂದು ಸಣ್ಣ ಕಡತ ಬರೆದು ಮೂರರಲ್ಲೂ ಇಟ್ಟಿದ್ದೀರಿ. ಅದು ತಾಯಿಯಿಂದ ಮಗಳಿಗೆ ಬರುತ್ತ ಬೆಳೆದು, ಈಗ ನನ್ನ ಅವ್ವ ಚಂಪಾವತಿಯದಾಗಿದೆ. ನಾವು ಅದನ್ನು ನಡವಳಿ ಎನ್ನುತ್ತೇವೆ. ಒಬ್ಬ ವ್ಯಕ್ತಿಯ ಜೊತೆ ಯಂತ್ರಗಳು ಹೇಗೆ ನಡೆದುಕೊಳ್ಳಬೇಕು ಎಂಬುದೆಲ್ಲ ಅದರಲ್ಲಿರುತ್ತದೆ: ಸ್ನಾನದ ನೀರು ಎಷ್ಟು ಬಿಸಿ, ಬಾಗಿಲು ಯಾರ ದನಿಗೆ ತೆರೆಯಬೇಕು, ಚಹಾಕ್ಕೆ ಎಷ್ಟು ಶುಂಠಿ. ಪ್ರತಿ ಯಂತ್ರದಲ್ಲೂ ಒಂದು ಪ್ರತಿ ಇರುವುದರಿಂದ ಅವು ಮೆಲ್ಲಗೆ ಬೇರೆಬೇರೆಯಾಗುತ್ತವೆ. ಆದ್ದರಿಂದ ಅಮಾವಾಸ್ಯೆಯ ಬೆಳಿಗ್ಗೆ ಮನೆಮಂದಿ ಕೂತು ಸಮ ಮಾಡುತ್ತೇವೆ. ಪ್ರತಿಗಳು ಹೊಂದದ ಸಾಲನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ. ನಡವಳಿ ಯಾರದೋ ಅವರು ‘ಇರಲಿ’ ಅಥವಾ ‘ಹೋಗಲಿ’ ಎನ್ನಬೇಕು. ಹೋದ ಸಾಲು ಎಲ್ಲ ಯಂತ್ರಗಳಿಂದಲೂ ಹೋಗುತ್ತದೆ.

ಅವ್ವನಿಗೆ ಎಪ್ಪತ್ತನಾಲ್ಕು. ಚಿಕ್ಕಂದಿನಿಂದಲೂ ಮಾತು ತಡವರಿಸುತ್ತದೆ. ಹೊರಗೆ ಮೌನವಾಗಿರುವವಳು ಮನೆಯ ಯಂತ್ರಗಳೆದುರು ಮಾತ್ರ ನಿರಾಳವಾಗಿ ಮಾತಾಡುತ್ತಿದ್ದಳು. ನಮಗಿಂತ ಅಡುಗೆಮನೆಯ ಒಲೆಯೇ ನಿನಗೆ ಹತ್ತಿರ ಎಂದು ನಾವು ನಗುತ್ತಿದ್ದೆವು. ಕಳೆದ ತಿಂಗಳು ಬಿದ್ದು ಸೊಂಟ ಮುರಿದುಕೊಂಡಳು. ಆಸ್ಪತ್ರೆಯ ಯಂತ್ರವೂ ಅಲ್ಲಿಂದ ಬಂದ ಗಾಲಿಕುರ್ಚಿಯೂ ಅವಳ ನಡವಳಿಯನ್ನು ತಮಗೆ ಅರ್ಥವಾದಷ್ಟೇ ನಕಲು ಮಾಡಿಕೊಂಡಿದ್ದವು.

ಈ ಅಮಾವಾಸ್ಯೆ ನಾನೇ ಓದಿದೆ. ನಲವತ್ತು ಸಾಲು ಹೊಂದಿರಲಿಲ್ಲ. ಅವುಗಳಲ್ಲೊಂದು ‘ಕಾಯು: ೩’. ಮನೆಯ ಯಂತ್ರಗಳ ಪ್ರತಿಯಲ್ಲಿ ಮಾತ್ರ ಇತ್ತು, ಆಸ್ಪತ್ರೆಯದರಲ್ಲೂ ಕುರ್ಚಿಯದರಲ್ಲೂ ಇರಲಿಲ್ಲ. ಪಕ್ಕದಲ್ಲಿ ನಿಮ್ಮ ಹೆಸರು ಬಿಟ್ಟರೆ ಇನ್ನೊಂದಕ್ಷರವಿಲ್ಲ. ನಿಧಾನದ ಹಳೆಯ ಯಂತ್ರಗಳಿಗಾಗಿ ಬರೆದದ್ದಿರಬೇಕು ಎಂದುಕೊಂಡೆ.

ಅವ್ವ, “ಅ... ಅದು...” ಎಂದಳು.

“ಅದು ಹಳೇದು, ಹೌದಲ್ಲವಾ?” ಎಂದೆ.

ತಮ್ಮ ಈರಣ್ಣ ನನ್ನನ್ನು ನೋಡಿದ. “ಅಕ್ಕಾ, ಅವ್ವಗ ಮಾತು ಮುಗಸಾಕರ ಬಿಡು. ನಿನಗೇನು ಗಾಡಿ ತಪ್ಪತೈತೇನು?”

“ಇನ್ನೂ ಇಪ್ಪತ್ತು ಸಾಲು ಅದಾವಪಾ. ನೀ ಓದ್ತೀಯೇನು?”

ಅವ್ವ ನಮ್ಮಿಬ್ಬರನ್ನೂ ನೋಡಿ ತಲೆಯಾಡಿಸಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ‘ಹೋಗಲಿ’ ಎಂದು ನಾನೇ ಹೇಳಿದೆ.

ಮರುದಿನ ಅವಳು ಮೊದಲ ಸಲ ಗಾಲಿಕುರ್ಚಿಗೆ “ಹಿ... ಹಿತ್ತಲ...” ಎನ್ನುವಷ್ಟರಲ್ಲಿ ಅದು ಹೊರಟು ಗೋಡೆಗೆ ತಾಗಿ ನಿಂತಿತು. ಒಲೆ ಅರ್ಧ ಮಾತಿಗೇ ಹೊತ್ತಿಕೊಂಡಿತು. ಮಾತು ನಿಂತರೆ ಮೂರು ಉಸಿರು ಕಾದು, ಮುಗಿದಿದೆಯೋ ಇಲ್ಲವೋ ನೋಡು: ಆ ಸಾಲು ಹೇಳುತ್ತಿದ್ದದ್ದು ಇಷ್ಟೇ. ನನಗೆ ಇದು ತಿಳಿಯಲು ನಾಲ್ಕು ದಿನ ಬೇಕಾಯಿತು. ಸಾಲನ್ನು ಮತ್ತೆ ಬರೆದೆ. ಈಗ ಯಂತ್ರಗಳೆಲ್ಲ ಕಾಯುತ್ತವೆ. ಆದರೆ ಅವ್ವ ಮಾತು ಶುರು ಮಾಡುವುದನ್ನೇ ಬಿಟ್ಟಿದ್ದಾಳೆ.

ನಾಡಿದ್ದು ಆಸ್ಪತ್ರೆಯ ಅರಿವಿನ ಪರೀಕ್ಷೆ, ತನ್ನ ವಿಷಯ ತಾನೇ ತೀರ್ಮಾನಿಸುವ ಶಕ್ತಿ ಅವಳಿಗಿದೆಯೇ ಎಂದು ನೋಡುವುದು. ಯಂತ್ರ ಕೇಳಿದ್ದಕ್ಕೆ ಅವಳು ಬಾಯಿಬಿಟ್ಟು ಉತ್ತರಿಸದಿದ್ದರೆ ಅವಳ ನಡವಳಿ ನನ್ನ ಹೆಸರಿಗೆ ಬರುತ್ತದೆ. ಆಮೇಲೆ ಅವಳ ನೀರಿಗೂ ಬಾಗಿಲಿಗೂ ಔಷಧಿಗೂ ನನ್ನ ‘ಇರಲಿ’, ನನ್ನ ‘ಹೋಗಲಿ’. ಹೆದರಿಕೆ ಅದರದೇ. ನಲವತ್ತು ವರ್ಷದಿಂದ ನಾನು ಅವಳ ಎಷ್ಟು ಮಾತುಗಳನ್ನು ಮುಗಿಸಿಕೊಟ್ಟಿರಬಹುದು? ಸಹಾಯ ಎಂದೇ ತಿಳಿದಿದ್ದೆ. ನಿಜಕ್ಕೂ ಹಾಗೆ ತಿಳಿದಿದ್ದೆನೋ, ಅಥವಾ ಕಾಯಲು ಬೇಸರವಿತ್ತೋ, ಈಗ ಹೇಳಲಾರೆ.

ಇಂದು ಬೆಳಿಗ್ಗೆಯಿಂದ ಅವಳ ಎದುರು ಕೂತಿದ್ದೇನೆ. ಒಮ್ಮೆ ತುಟಿ ಅಲುಗಿತು. ಮೂರು ಉಸಿರು ಎಣಿಸಿದೆ, ಆಮೇಲೆ ಇನ್ನೂ ಮೂರು. ನನ್ನ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಅವಳು ಕಿಟಕಿಯತ್ತ ತಿರುಗಿದಳು.

ನಿಮ್ಮಲ್ಲಿ ಒಂದೇ ಕೋರಿಕೆ. ಆ ಸಾಲು ಬರೆಯುವ ದಿನ, ಪಕ್ಕದಲ್ಲಿ ಏಕೆಂದೂ ಬರೆಯಿರಿ. ತಡವರಿಸುತ್ತಿದ್ದವರು ನೀವೋ, ನಿಮ್ಮ ಮನೆಯಲ್ಲಿ ಇನ್ನಾರೋ, ಅವರ ಹೆಸರನ್ನೂ ಬರೆಯಿರಿ. ಮೂರು ಯಂತ್ರದಲ್ಲೂ ಬರೆಯಿರಿ. ಆಗ ಅಮಾವಾಸ್ಯೆಯ ಬೆಳಿಗ್ಗೆ ನಾನು ಅದನ್ನು ಗಟ್ಟಿಯಾಗಿ ಓದುತ್ತೇನೆ, ಓದಿ ಸುಮ್ಮನಾಗುತ್ತೇನೆ, ಮತ್ತು ಅವ್ವ ‘ಅದು’ ಎಂದು ಶುರು ಮಾಡಿದ್ದನ್ನು ತಾನೇ ಮುಗಿಸುತ್ತಾಳೆ.

ನಿಮ್ಮ ಮರಿಮಗಳ ಮೊಮ್ಮಗಳು,
ಇಂದುಮತಿ