ಯಾಪ್ ಅವರ ಕೋವಿಗೆ ಸೈಲೆನ್ಸರ್

ನೈಮೆಗನ್, ಏಪ್ರಿಲ್ 2021

ದೊಡ್ಡಪ್ಪನಿಗೆ ದೇಚುವಿನ ನಮಸ್ಕಾರ.

ನಿಮಗೆ ನಗು ಬರುವ ಸಂಗತಿ ಒಂದಿದೆ. ಇಲ್ಲಿಯ ನನ್ನ ಮನೆ ಮಾಲೀಕ ಯಾಪ್ ಬೇಟೆಗಾರರು. ಕೊಡಗಿನವಳಿಗೆ ಕೋವಿ ಗೊತ್ತಿರುತ್ತದೆ ಎಂದು, ತಮ್ಮ ಕೋವಿಗೆ ಸೈಲೆನ್ಸರ್ ಆರಿಸಲು ನಿನ್ನೆ ನನ್ನನ್ನೂ ಅಂಗಡಿಗೆ ಕರೆದೊಯ್ದರು. ಉಕ್ಕಿನದ್ದು ಹಾಕಿದರೆ ನಳಿಗೆಯ ತುದಿ ಕೆಳಕ್ಕೆ ಜಗ್ಗಿ ಕೈ ಸೋಲುತ್ತದೆ. ಟೈಟಾನಿಯಂನದ್ದು ಹಗುರ, ಆದರೆ ಬೇಗ ಕಾಯುತ್ತದಂತೆ. "ಬೇಟೇಲಿ ಒಂದೆರಡು ಗುಂಡು ತಾನೇ? ಹಗುರದ್ದೇ ತಗೊಳ್ಳಿ," ಎಂದೆ. ಅದನ್ನೇ ಕೊಂಡರು.

ಆಮೇಲೆ ಬಾಯಿ ಸುಮ್ಮನಿರದೆ ಕೇಳಿಬಿಟ್ಟೆ: "ಸದ್ದೇ ಕಮ್ಮಿಯಾದ್ರೆ, ಮನೇಲಿ ಸಾವಾದಾಗ ಊರಿಗೆ ಹೇಗೆ ಗೊತ್ತಾಗುತ್ತೆ?" ಅಂಗಡಿಯವನು ಮಾಸ್ಕಿನೊಳಗೇ ನಕ್ಕ. ಯಾಪ್ ನಗಲಿಲ್ಲ. ಸಾವಿಗೆ ನಾವು ಎರಡು ಗುಂಡು ಹಾರಿಸುವುದನ್ನು ಅವರಿಗೆ ಹೇಳಿದೆ. ಹೋದ ವರ್ಷ ತಾತ ತೀರಿಕೊಂಡಾಗ ವಿಮಾನವಿಲ್ಲದೆ ವಿಡಿಯೋ ಕಾಲ್‌ನಲ್ಲೇ ನೋಡಿದ್ದನ್ನೂ ಹೇಳಿದೆ. ನಿಮ್ಮ ಕೋವಿಯ ಹೊಗೆ ಕಂಡಿತ್ತು, ಸದ್ದು ಮಾತ್ರ ಬಂದಿರಲಿಲ್ಲ.

ನನಗೆ ಕೆಮ್ಮು ಹೋಗಿದೆ, ಅನ್ನದ ರುಚಿ ಮತ್ತೆ ತಿಳಿಯುತ್ತಿದೆ. ದೊಡ್ಡಮ್ಮನಿಗೆ ಹೇಳಿ.

ಕಾರ್ಡಿನಲ್ಲಿ ಜಾಗ ಮುಗಿಯಿತು, ಇದನ್ನು ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಶೂಟಿಂಗ್ ರೇಂಜಿನಲ್ಲಿ ಹೊಸ ಸೈಲೆನ್ಸರ್ ಪರೀಕ್ಷಿಸಿದ ಮೇಲೆ ಯಾಪ್ ಅದನ್ನು ತಿರುಗಿಸಿ ಬಿಚ್ಚಿ ಬದಿಗಿಟ್ಟರು. ನನ್ನ ಕಡೆ ಒಮ್ಮೆ ನೋಡಿ ಎರಡು ಗುಂಡು ಹಾರಿಸಿದರು. ಸದ್ದು ತಡೆಯಲು ಕಿವಿಗೆ ಹಾಕಿದ್ದನ್ನು ನಾನು ತೆಗೆದಿದ್ದೆ. ಎರಡೂ ಕೇಳಿಸಿದವು, ದೊಡ್ಡಪ್ಪ.

ದೇಚು