ಮುನಿಯಲ್ಲಪ್ಪನ ಮೊಣಕಾಲು ಆಟದಲ್ಲಿ ಮುರಿಯಲಿಲ್ಲ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಕಚೇರಿಯ ಕಪಾಟಿನಲ್ಲಿ 1978ನೇ ಇಸವಿಯ ಡಿಸೆಂಬರ್ ತಿಂಗಳ ಒಂದು ವಿಚಾರಣಾ ವರದಿ ಇದೆ. ಮುಳಬಾಗಿಲು ತಾಲೂಕಿನ ಒಂದು ಪ್ರೌಢಶಾಲೆಯ ಹತ್ತನೇ ತರಗತಿಯ ವಿದ್ಯಾರ್ಥಿ ಮುನಿಯಲ್ಲಪ್ಪನಿಗೆ 'ಕಬಡ್ಡಿ ಆಡುವಾಗ ಆಕಸ್ಮಿಕವಾಗಿ' ಎಡ ಮುಂಗೈ ಮತ್ತು ಬಲ ಮೊಣಕಾಲು ಮುರಿಯಿತು ಎಂದು ಅದರಲ್ಲಿ ಬರೆದಿದೆ. ಅದು ಸುಳ್ಳು. ಸುಳ್ಳೆಂದು ನನಗೆ ಹೇಗೆ ಗೊತ್ತು ಎಂದು ತಾವು ಕೇಳಬಹುದು. ಆ ಮೊಣಕಾಲು ಮುರಿದವನು ನಾನೇ.

ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನು ಈಗೇಕೆ ಪತ್ರಿಕೆಗೆ ಬರೆಯುತ್ತಿದ್ದೇನೆ ಎಂಬುದಕ್ಕೆ ಕಾರಣ ತಾವೇ. ಕಳೆದ ಜೂನ್‌ನಲ್ಲಿ ತಮ್ಮ ಸುತ್ತೋಲೆ ನಮ್ಮ ಶಾಲೆಗೂ ಬಂತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದಾದರೂ ಪಠ್ಯೇತರ ಚಟುವಟಿಕೆಯಲ್ಲಿ ಕಡ್ಡಾಯವಾಗಿ ತೊಡಗಬೇಕು, ಆಟೋಟಗಳಿಂದ ಸಮಾನತೆ ಮತ್ತು ಸೋದರಭಾವ ಬೆಳೆಯುತ್ತವೆ ಎಂದು ಅದರಲ್ಲಿ ಅಪ್ಪಣೆಯಾಗಿದೆ. ಬಹಳ ಸುಂದರವಾದ ಕನ್ನಡ. ಹಾಳೆ ತಿರುವಿದರೆ ಪೋಷಕರು ಸಹಿ ಮಾಡಬೇಕಾದ ಮುಚ್ಚಳಿಕೆ: ಆಟದ ಸಂದರ್ಭದಲ್ಲಿ ಮಗುವಿಗೆ ಏನೇ ಗಾಯವಾದರೂ ಶಾಲೆಯಾಗಲಿ ಇಲಾಖೆಯಾಗಲಿ ಹೊಣೆಯಲ್ಲ. ಮುಂದುಗಡೆ ಸೋದರಭಾವ, ಹಿಂದುಗಡೆ ಹೊಣೆಯಲ್ಲ. ನಾನು ಶ್ರೀನಿವಾಸಪುರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. ಸಹಿ ಹಾಕಿಸುವ ಕೆಲಸ ನನ್ನದು. ಎರಡು ವಾರ ಹಾಕಿಸಿದೆ. ಯಲ್ದೂರು ಕಡೆಯ ಒಬ್ಬ ಹೆಣ್ಣುಮಗಳು, ಮಾವಿನ ತೋಟಕ್ಕೆ ಕೂಲಿಗೆ ಹೋಗುವಾಕೆ, ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಕೇಳಿದಳು: "ಇದ್ರಲ್ಲಿ ಏನ್ ಬರ್ದೈತೆ ಸಾರ್? ಒಸಿ ಓದಿ ಹೇಳಿ." ನಾನು ಓದಲಿಲ್ಲ. ಅವಳ ಬೆರಳನ್ನು ಒರೆಸಿ ಮನೆಗೆ ಕಳಿಸಿದೆ. ಉಳಿದ ನಮೂನೆಗಳು ಹಾಗೇ ನನ್ನ ಮೇಜಿನ ಮೇಲಿವೆ.

ಈಗ ನಡೆದದ್ದನ್ನು ಹೇಳುತ್ತೇನೆ. ತಮ್ಮ ವರದಿಯಲ್ಲಿ ಇದಕ್ಕೆ ಜಾಗ ಸಿಕ್ಕಿರಲಿಲ್ಲ.

ನಮ್ಮದು ಬೈರಕೂರು ಕಡೆಯ ಹಳ್ಳಿ. ನಮ್ಮ ತಂದೆ ಕೋದಂಡರಾಮಪ್ಪನವರು ಊರಿಗೆ ದೊಡ್ಡವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ, ರಾಗಿ ಹೊಲ, ಜೊತೆಗೆ ಶಾಲಾ ಸಮಿತಿಯ ಅಧ್ಯಕ್ಷಗಿರಿ. ಮುನಿಯಲ್ಲಪ್ಪ ಊರಾಚೆಯ ಕಾಲೋನಿಯ ಹುಡುಗ. ಅವನ ತಾಯಿ ದೊಡ್ಡಮುನಿಯಮ್ಮ ನಮ್ಮ ತೋಟದಲ್ಲೇ ಸೊಪ್ಪು ಬಿಡಿಸುತ್ತಿದ್ದರು. ಅವನೂ ನಾನೂ ಒಂದೇ ತರಗತಿ. ಅವನು ಹಿಂದಿನ ಬೆಂಚು, ನಾನು ಮುಂದಿನದು. ಶಾಲೆಯ ಮಡಕೆಯಿಂದ ನಾನು ಲೋಟದಲ್ಲಿ ಮೊಗೆದು ಕುಡಿದರೆ, ಅವನಿಗೆ ಯಾರಾದರೂ ಎತ್ತರದಿಂದ ಬೊಗಸೆಗೆ ಸುರಿಯಬೇಕಿತ್ತು. ಇದನ್ನು ಯಾರೂ ಸುತ್ತೋಲೆ ಹೊರಡಿಸಿ ಜಾರಿ ಮಾಡಿರಲಿಲ್ಲ. ಅದಾಗಿಯೇ ನಡೆಯುತ್ತಿತ್ತು, ತಮ್ಮ ಯಾವ ಆದೇಶಕ್ಕಿಂತಲೂ ಕಟ್ಟುನಿಟ್ಟಾಗಿ.

ಆ ವರ್ಷ ಮಾಲೂರು ಕಡೆಯಿಂದ ಚನ್ನರಾಯಪ್ಪ ಎಂಬ ಹೊಸ ಡ್ರಿಲ್ ಮೇಷ್ಟ್ರು ಬಂದರು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಬಂದ ವಾರದಲ್ಲೇ ಶಾಲೆಯ ಹಿಂದಿನ ಮುಳ್ಳುಕಂಟಿಯನ್ನು ತಾವೇ ಕಡಿದು, ಕೆಮ್ಮಣ್ಣು ಹರಡಿ, ಸುಣ್ಣದಿಂದ ಗೆರೆ ಎಳೆದು ಕಬಡ್ಡಿ ಅಂಕಣ ಮಾಡಿದರು. ಮುನಿಯಲ್ಲಪ್ಪ ಓಡುವುದನ್ನು ಒಂದು ದಿನ ನೋಡಿ, ಅವನನ್ನು ಸೇರಿಸಿಕೊಳ್ಳಲು ಕಾಲೋನಿಗೇ ಹೋದರು. ಜೊತೆಗೆ ತಂಡದ ನಾಯಕನೆಂದು ನನ್ನನ್ನೂ ಕರೆದೊಯ್ದಿದ್ದರು. ದೊಡ್ಡಮುನಿಯಮ್ಮ ನನ್ನನ್ನು ನೋಡಿ ಎದ್ದು ನಿಂತು ಹೇಳಿದರು: "ಬ್ಯಾಡ ಸಾಮಿ. ಓಡೋದು, ಎಗರೋದು ಏನಾದ್ರೂ ಇದ್ರೆ ಸೇರಿಸ್ಕಳಿ. ಇದು ಮೈ ಮುಟ್ಟೋ ಆಟ."

"ಸ್ಕೂಲಲ್ಲಿ ಅದೆಲ್ಲ ಇಲ್ಲಮ್ಮ. ನಾನಿದ್ದೀನಲ್ಲ, ಕಳಿಸು," ಎಂದರು ಮೇಷ್ಟ್ರು.

ಮೇಷ್ಟ್ರು ಸುಳ್ಳು ಹೇಳಿದವರಲ್ಲ. ತಾವೆಲ್ಲ ಭಾಷಣದಲ್ಲಿ ಹೇಳುವ ಮಾತನ್ನು ಅವರು ನಂಬಿದ್ದರು, ಅಷ್ಟೇ.

ಐದು ತಿಂಗಳು ಆಡಿದೆವು. ನನ್ನ ಜೀವನದಲ್ಲಿ ಅಂಥ ಸಂತೋಷದ ತಿಂಗಳುಗಳು ಮತ್ತೆ ಬರಲಿಲ್ಲ. ನಾನು ದಾಳಿಗೆ ಹೋಗುವವನು, ಮುನಿಯಲ್ಲಪ್ಪ ಹಿಡಿಯುವವನು. ಗೆರೆಯ ಒಳಗಿದ್ದಷ್ಟು ಹೊತ್ತು ಅವನು ನನ್ನನ್ನು "ಲೇ ಸೀನ, ಬಾರ್ಲಾ ನೋಡಣ" ಎಂದು ಕರೆಯುತ್ತಿದ್ದ. ಗೆರೆ ದಾಟಿ ಹೊರಗೆ ಬಂದ ಕೂಡಲೇ "ಸೀನಪ್ಪಣ್ಣ" ಎನ್ನುತ್ತಿದ್ದ. ಅವನ ಕೈಗೆ ಪಾದ ಸಿಕ್ಕಿದರೆ ಮುಗಿಯಿತು, ಎತ್ತಿನ ಬಂಡಿಯ ಗಾಲಿಗೆ ಸಿಕ್ಕಿದ ಹಾಗೆ. ಹಿಡಿತ ತಪ್ಪಿಸಿಕೊಳ್ಳುವುದನ್ನು ನನಗೆ ಕಲಿಸಿದವನೂ ಅವನೇ.

ಡಿಸೆಂಬರಿನಲ್ಲಿ ಕೋಲಾರದ ಜಿಲ್ಲಾ ಕ್ರೀಡಾಕೂಟಕ್ಕೆ ಏಳು ಜನರನ್ನು ಆರಿಸಬೇಕಿತ್ತು. ಮೇಷ್ಟ್ರು ನಮ್ಮನ್ನೇ ಎರಡು ಪಕ್ಷ ಮಾಡಿ ಆಡಿಸಿದರು. ಶನಿವಾರ ಮಧ್ಯಾಹ್ನ, ಊರೆಲ್ಲ ನೋಡಲು ಬಂದಿತ್ತು. ಅಧ್ಯಕ್ಷರೆಂದು ನಮ್ಮ ತಂದೆಗೆ ಹೆಡ್‌ಮಾಸ್ಟರ ಕುರ್ಚಿ ಹಾಕಿದ್ದರು. ಕೊನೆಯ ದಾಳಿಗೆ ನಾನು ಹೋದೆ. ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಮುನಿಯಲ್ಲಪ್ಪ ನನ್ನ ಕಾಲು ಹಿಡಿದ. ಮುಖ ಅಡಿಯಾಗಿ ಬಿದ್ದೆ, ತುಟಿ ಸೀಳಿ ಬಾಯೊಳಗೆ ರಕ್ತ, ಕೆಮ್ಮಣ್ಣು. ಹೊರಳಿದರೆ ಅವನು ನನ್ನ ಎದೆಯ ಮೇಲೆ ಕೂತಿದ್ದ. ಉಸಿರು ಮುಗಿಯುವವರೆಗೆ ಒತ್ತಿ ಹಿಡಿಯುವುದು ನಿಯಮ. ಉಸಿರು ಮುಗಿಯಿತು. ನಾನು ನಗುತ್ತಿದ್ದೆ, ಅವನೂ ನಗುತ್ತಿದ್ದ.

ನಗು ಸುತ್ತಲೂ ಇತ್ತು. ಯಾರೋ ತೆಲುಗಿನಲ್ಲಿ, ಯಾರೋ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಒಂದು ಧ್ವನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು: "ನೋಡ್ರಪ್ಪಾ, ಕೋದಂಡರಾಮಪ್ಪನ ಮಗನ ಎದೆ ಮೇಲೆ ಯಾರು ಕುಂತವ್ರೆ ಅಂತ." ತಂದೆ ಕುರ್ಚಿಯಿಂದ ಎದ್ದು ಪಂಚೆ ಸರಿಮಾಡಿಕೊಂಡು ಹೊರಟುಹೋದರು. ಮೇಷ್ಟ್ರು ಆರಿಸಿದ ಏಳು ಹೆಸರಿನಲ್ಲಿ ಮುನಿಯಲ್ಲಪ್ಪನದು ಮೊದಲನೆಯದು. ನನ್ನದು ಇರಲಿಲ್ಲ, ಎಂಟನೆಯವನಾಗಿ ಕಾಯ್ದಿರಿಸಿದ್ದರು.

ಒಂದು ತಾಸು ಕಳೆದ ಮೇಲೆ ತಂದೆ ನನಗೆ ಹೇಳಿದರು: "ಆ ಹುಡುಗನ್ನ ಹುಳದ ಮನೆ ಹತ್ರ ಕರ್ಕೊಂಡ್ ಬಾ. ಚೆನ್ನಾಗಿ ಆಡ್ದ. ಏನಾದ್ರೂ ಕೊಡಣ." ನಾನು ನಂಬಿದೆನೋ, ನಂಬಿದ ಹಾಗೆ ಮಾಡಿದೆನೋ, ಈಗಲೂ ನಿಶ್ಚಯವಾಗಿ ಹೇಳಲಾರೆ. ಕಾಲೋನಿಗೆ ಹೋಗಿ ಕರೆದೆ. ಅವನು ಮುಖ ತೊಳೆದು ತಲೆ ಬಾಚಿಕೊಂಡು ಬಂದ.

ಹುಳದ ಮನೆಯ ಅಂಗಳದಲ್ಲಿ ಇಬ್ಬರು ಆಳುಗಳು ಅವನ ತೋಳು ಹಿಡಿದರು. ತಂದೆಯ ಕೈಯಲ್ಲಿ ಗುದ್ದಲಿಯಿಂದ ಕಳಚಿದ ಮರದ ಕಾವು ಇತ್ತು. ಅವರು ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು: "ಯಾವ ಕೈಲೋ ಇವನ ಕಾಲು ಹಿಡ್ದೆ?"

ಮುನಿಯಲ್ಲಪ್ಪನಿಗೆ ಇನ್ನೂ ಅರ್ಥವಾಗಿರಲಿಲ್ಲ. ಆಟದ ಬಗ್ಗೆ ಕೇಳುತ್ತಿದ್ದಾರೆಂದೇ ತಿಳಿದು ಹೇಳಿದ: "ಎರಡೂ ಕೈಲಿ ಸಾಮಿ. ಒಂದ್ ಕೈಲಿ ಹಿಡಿದ್ರೆ ಜಾರ್ತದೆ."

ಮೊದಲ ಏಟು ಎಡ ಮುಂಗೈಗೆ. ಹಸಿ ಕಡ್ಡಿ ಮುರಿದ ಸದ್ದು. ಎರಡನೆಯದು ಭುಜಕ್ಕೆ, ಮೂರನೆಯದು ಬೆನ್ನಿಗೆ, ಆಮೇಲೆ ಎಣಿಕೆ ತಪ್ಪಿತು. ಅವನು ಮಣ್ಣಿಗೆ ಬಿದ್ದ. ಆಳುಗಳು ಕೈ ಬಿಟ್ಟು ಹಿಂದೆ ಸರಿದರು. ಅವನು ಮೊಣಕೈಯೂರಿ ತೆವಳುತ್ತಾ ನನ್ನ ಕಡೆಗೆ ಬಂದ. ಅಲ್ಲಿದ್ದವರಲ್ಲಿ ಅವನ ಕಡೆಯವನು ನಾನೊಬ್ಬನೇ ಎಂದು ತಿಳಿದಿದ್ದ. "ಹೇಳ್ಲಾ ಸೀನ, ಆಟ ಅಂತ ಹೇಳ್ಲಾ," ಎಂದ. ಗೆರೆಯ ಹೊರಗೆ ಅವನು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. ತಂದೆ ಅದನ್ನು ಕೇಳಿಸಿಕೊಂಡರು. ಕಾವನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ನಿನ್ನ ಕಾಲು ಹಿಡ್ದೋನು. ನೀನೇ ಮುಗ್ಸು. ಇಲ್ದಿದ್ರೆ ಮನೆ ಮೆಟ್ಲು ಹತ್ಬೇಡ."

ತಾವು ಕೇಳಬಹುದು, ಹದಿನಾರು ವರ್ಷದ ಹುಡುಗ ತಂದೆಯ ಮುಂದೆ ಏನು ಮಾಡಲು ಸಾಧ್ಯ ಎಂದು. ಕಾವನ್ನು ಕೆಳಗೆ ಹಾಕಿ ಓಡಬಹುದಿತ್ತು. ಬೇಲಿಯಾಚೆ ಐವತ್ತು ಹೆಜ್ಜೆಗೆ ರಸ್ತೆಯಿತ್ತು, ನಾನು ಶಾಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು. ಓಡಲಿಲ್ಲ, ಹೊಡೆದೆ. ಮೊದಲ ಏಟು ಹೆದರಿಕೆಯಿಂದ ಹೊಡೆದೆ. ಅದು ಜಾರಿ ನೆಲಕ್ಕೆ ಬಿತ್ತು, ಆಳೊಬ್ಬ ನಕ್ಕ. ಆ ನಗುವಿಗೆ ನನ್ನ ಮೈ ಉರಿಯಿತು. ಎರಡನೆಯ ಏಟನ್ನು ನಾನು ಗುರಿಯಿಟ್ಟು, ಪೂರ್ತಿ ಬಲ ಹಾಕಿ, ಬಲ ಮೊಣಕಾಲ ಚಿಪ್ಪಿಗೆ ಹೊಡೆದೆ. ಪಟ್ಟಿಯಲ್ಲಿ ನನ್ನ ಹೆಸರಿಲ್ಲದ್ದು ಆ ಏಟಿನಲ್ಲಿತ್ತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಮುನಿಯಲ್ಲಪ್ಪ ಕಿರುಚಿದ್ದಕ್ಕೆ ಹುಳದ ಮನೆಯೊಳಗಿದ್ದ ನಮ್ಮ ತಾಯಿ ಆದಿಲಕ್ಷ್ಮಮ್ಮ ಹೊರಗೆ ಬಂದು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಚನ್ನರಾಯಪ್ಪ ಮೇಷ್ಟ್ರು ಅವನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಮುಳಬಾಗಿಲಿನ ಆಸ್ಪತ್ರೆಗೆ ಹೋದರು. ಅಲ್ಲಿಂದ ಕೋಲಾರಕ್ಕೆ ಕಳಿಸಿದರು. ಮೇಷ್ಟ್ರು ನಿಮ್ಮ ಕಚೇರಿಗೆ ಹೆಸರು ಹಿಡಿದು ದೂರು ಕೊಟ್ಟರು. ಹತ್ತು ದಿನಕ್ಕೆ ಜೀಪು ಬಂತು. ವಿಚಾರಣೆಗೆ ಬಂದ ಅಧಿಕಾರಿ ಶಾಲೆಯಲ್ಲಿ ಅರ್ಧ ಗಂಟೆ ಇದ್ದರು, ನಮ್ಮ ಮನೆಯಲ್ಲಿ ಎರಡೂವರೆ ಗಂಟೆ. ನಾಟಿಕೋಳಿ ಸಾರು ಮತ್ತು ಮುದ್ದೆ ಬಹಳ ಹಿಡಿಸಿತೆಂದು ಅವರೇ ಹೇಳಿದ್ದನ್ನು ನಾನು ಬಡಿಸುತ್ತಾ ಕೇಳಿಸಿಕೊಂಡಿದ್ದೇನೆ. ಊಟವಾದ ಮೇಲೆ ಹಾಳೆ ತೆಗೆದು, "ಆಟದಲ್ಲಿ ಇದೆಲ್ಲ ಸಹಜ ಅಲ್ವೇನಪ್ಪಾ?" ಎಂದು ಕೇಳಿದರು. ನಾನು ಹೌದೆಂದೆ. "ಹಾಗಾದ್ರೆ ಇಲ್ಲಿ ಸಹಿ ಮಾಡು." ಮಾಡಿದೆ.

ದೊಡ್ಡಮುನಿಯಮ್ಮ ಜೀಪಿನ ಹತ್ತಿರ ಬೆಳಗಿನಿಂದ ನಿಂತಿದ್ದರು. ಅಧಿಕಾರಿ ಹತ್ತುವಾಗ ಅಡ್ಡ ಬಂದು ಕೇಳಿದರು: "ನನ್ನ ಒಂದ್ ಮಾತೂ ಕೇಳ್ದಂಗೆ ಹೋಗ್ತೀರಾ ಸಾಮಿ?" ಆಫೀಸಿಗೆ ಬಂದು ಅರ್ಜಿ ಕೊಡಲು ಹೇಳಿ ಅವರು ಹೊರಟರು. ಆಕೆ ಕೊಟ್ಟ ಅರ್ಜಿಯೂ ಅದೇ ಕಡತದಲ್ಲಿ ಇರಬೇಕು, ಇಲಿಗಳು ಬಿಟ್ಟಿದ್ದರೆ. ಮರುವಾರದಿಂದ ಆಕೆಗೆ ಊರಲ್ಲಿ ಕೂಲಿ ಕರೆಯುವವರು ಯಾರೂ ಇರಲಿಲ್ಲ.

ಮುಂದಿನದು ಬೇಗ ಬೇಗ ಆಯಿತು. ಚನ್ನರಾಯಪ್ಪ ಮೇಷ್ಟ್ರಿಗೆ ತಿಂಗಳೊಳಗೆ ವರ್ಗ. ಮುನಿಯಲ್ಲಪ್ಪ ನಾಲ್ಕು ತಿಂಗಳು ಹಾಸಿಗೆ ಹಿಡಿದು ಪರೀಕ್ಷೆಗೆ ಕೂರಲಿಲ್ಲ. ಅವನಿಗೆ ಕೊಟ್ಟ ವರ್ಗಾವಣೆ ಪತ್ರದಲ್ಲಿ, ನಡತೆ ಎಂಬ ಸಾಲಿನ ಮುಂದೆ, 'ತೃಪ್ತಿಕರವಲ್ಲ. ಆಟದಲ್ಲಿ ಒರಟುತನ' ಎಂದು ಬರೆದರು. ಮುರಿಸಿಕೊಂಡವನು ಒರಟ. ಮುರಿದವನ ನಡತೆ 'ಉತ್ತಮ', ನನ್ನ ಪತ್ರ ಈಗಲೂ ನನ್ನ ಬಳಿಯಿದೆ. ಅವನ ಜಾಗದಲ್ಲಿ ನಾನು ಕೋಲಾರದಲ್ಲಿ ಆಡಿದೆ, ನಮ್ಮ ತಂಡ ಎರಡನೆಯ ಸ್ಥಾನ ಪಡೆಯಿತು. ಆ ಪ್ರಮಾಣಪತ್ರ ತೋರಿಸಿ ದೈಹಿಕ ಶಿಕ್ಷಣದ ತರಬೇತಿಗೆ ಸೀಟು, ತರಬೇತಿಯಿಂದ ಈ ನೌಕರಿ. ಪಠ್ಯೇತರ ಚಟುವಟಿಕೆಗಳಿಂದ ವಿದ್ಯಾರ್ಥಿಯ ಭವಿಷ್ಯ ಉಜ್ವಲವಾಗುತ್ತದೆ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ನನ್ನ ಮಟ್ಟಿಗೆ ಅಕ್ಷರಶಃ ನಿಜ.

ಹೋದ ತಿಂಗಳು ನಾನು ಮುಳಬಾಗಿಲಿಗೆ ಹೋಗಿ ಅವನನ್ನು ಕಂಡೆ. ಅಲ್ಲಿ ಒಂದು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಬಲಗಾಲು ಮಡಚುವುದಿಲ್ಲ, ಅದನ್ನು ಉದ್ದಕ್ಕೆ ಚಾಚಿಕೊಂಡು ಮಣೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

"ಗಾಳಿ ಬೇಕಾ ಮೇಷ್ಟ್ರೇ?" ಎಂದ.

ಸೈಕಲ್ ತಂದಿಲ್ಲವೆಂದೆ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಹೇಳಬೇಕೆಂದುಕೊಂಡಿದ್ದನ್ನೆಲ್ಲ ಹೇಳಿದೆ. ಪತ್ರಿಕೆಗೆ ಬರೆಯುತ್ತೇನೆ, ಹೊಡೆದದ್ದು ನಾನೇ ಎಂದು ಬರೆಯುತ್ತೇನೆ ಎಂದೆ. ಅವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆಂದು ನೋಡುತ್ತಿದ್ದ.

"ಬರೀರಿ. ಬರೆದ್ರೆ ಕಾಲೇನ್ ಮಡಚಲ್ಲ," ಎಂದ. ಗುಳ್ಳೆ ಬಂದ ಕಡೆ ಗುರುತು ಹಾಕಿ ಹೇಳಿದ: "ಪರೀಕ್ಷೆ ಆಮೇಲೆ ಕಟ್ಟಿ ಪಾಸು ಮಾಡ್ಕಂಡೆ. ಐಟಿಐಗೆ ಹೋದೆ. ಕರೆಂಟ್ ಕೆಲ್ಸ ಕಲೀಬೇಕು ಅಂತ ಆಸೆ ಇತ್ತು. ಆ ಟೀಸಿ ನೋಡಿ ನಗಾಡಿ ಕಳಿಸಿದ್ರು. ಒರಟ ಅಂತ ಬರ್ದವ್ರಲ್ಲ, ನಾನ್ ಒಂದೇ ಒಂದ್ ಫೌಲ್ ಮಾಡಿದ್ನಾ? ನೀವೇ ಹೇಳಿ. ಅದನ್ನ ತೆಗ್ಸಿ, ಸಾಕು."

"ಒಂದೂ ಮಾಡಿಲ್ಲ," ಎಂದೆ. ಆಮೇಲೆ ಕ್ಷಮಿಸೆಂದು ಕೇಳಿದೆ.

"ಅದ್ ಬ್ಯಾರೆ ವಿಷ್ಯ. ಅದನ್ನ ಕೇಳ್ಬ್ಯಾಡಿ," ಎಂದು ಟ್ಯೂಬಿಗೆ ಉಜ್ಜುಕಾಗದ ತಿಕ್ಕತೊಡಗಿದ.

ಅಧಿಕಾರಿಗಳೇ, ಸರ್ಕಾರಿ ನೌಕರ ಇಲಾಖೆಯ ಮೇಲೆ ಪತ್ರಿಕೆಗೆ ಬರೆಯಬಾರದೆಂಬ ನಿಯಮ ನನಗೆ ಗೊತ್ತು. ಆ ನಿಯಮವನ್ನು ತಾವು ಬಹಳ ಚುರುಕಾಗಿ ಜಾರಿ ಮಾಡುತ್ತೀರೆಂಬ ನಂಬಿಕೆಯೂ ಇದೆ. ನಮ್ಮ ತಂದೆ ಇನ್ನೂ ಬದುಕಿದ್ದಾರೆ, ಸಮಿತಿಯ ಅಧ್ಯಕ್ಷರಾಗಿಯೇ ಇದ್ದಾರೆ, ಇದನ್ನು ಯಾರಾದರೂ ಅವರಿಗೆ ಓದಿ ಹೇಳುತ್ತಾರೆ. ಆ ಮನೆಯ ಮೆಟ್ಟಿಲು ನನಗೆ ಇನ್ನಿಲ್ಲ. ಇರಲಿ. ನಾನು ಕೇಳುವುದು ಇಷ್ಟು. ಆ ಕಡತ ತೆರೆಯಿರಿ. ದೊಡ್ಡಮುನಿಯಮ್ಮನವರ ಹೇಳಿಕೆ ಪಡೆಯಿರಿ, ಈ ಸಲ ಅವರ ಮನೆಗೇ ಹೋಗಿ. ಮುನಿಯಲ್ಲಪ್ಪನ ವರ್ಗಾವಣೆ ಪತ್ರದ ಆ ಸಾಲು ಹೊಡೆದುಹಾಕಿ ಹೊಸ ಪತ್ರ ಕೊಡಿ. ಮುಚ್ಚಳಿಕೆಯ ನಮೂನೆಗಳನ್ನು ಎಲ್ಲ ಶಾಲೆಗಳಿಂದ ಹಿಂದಕ್ಕೆ ತರಿಸಿ ಸುಡಿ. ನನ್ನ ಹೇಳಿಕೆಯ ಒಂದು ಪ್ರತಿಯನ್ನು ಮುಳಬಾಗಿಲಿನ ಪೊಲೀಸರಿಗೂ ಕೊಟ್ಟಿದ್ದೇನೆ. ಜೀಪು ಕಳಿಸಬೇಕಾದ್ದಿಲ್ಲ, ಕರೆದರೆ ನಾನೇ ಬರುತ್ತೇನೆ. ವರದಿಯಲ್ಲಿ ಏನು ಬರೆಯಬೇಕೆಂದು ತೋಚದಿದ್ದರೆ ಹೀಗೆ ಬರೆದುಕೊಳ್ಳಿ: ವಿದ್ಯಾರ್ಥಿ ಮುನಿಯಲ್ಲಪ್ಪ ಅಂದು ನಿಯಮಬದ್ಧವಾಗಿ ಆಡಿ, ಎದುರಾಳಿಯನ್ನು ಎರಡೂ ಕೈಯಿಂದ ಹಿಡಿದು, ಗೆದ್ದನು.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗೆ ತಮ್ಮ ಇಲಾಖೆಯ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ,
ಕೆ. ಶ್ರೀನಿವಾಸಪ್ಪ
ಸೆಪ್ಟೆಂಬರ್ 1986