ಬೈಪಾಸ್ ಮೇಲೆ ಬಂದ ಬುತ್ತಿ

ಗೋಕಾಕ,
ಗುರುವಾರ, ಡಿಸೆಂಬರ್ ೧೨

ಅವ್ವಾ,

ಶಾಲೆಯಲ್ಲಿ ಕಲಿಸಿದ ಹಾಗೆ "ತೀರ್ಥರೂಪ ಮಾತೋಶ್ರೀಯವರಿಗೆ" ಎಂದು ಶುರು ಮಾಡಿದ್ದೆ. ಓದಿ ನೀನು ನಗುತ್ತೀ ಅನ್ನಿಸಿ ಹಾಳೆ ಬದಲಿಸಿದೆ. ಬುತ್ತಿಯ ಡಬ್ಬಿ ತೊಳೆದು, ಒರೆಸಿ, ಅದರೊಳಗೆ ಈ ಪತ್ರ ಇಟ್ಟಿದ್ದೇನೆ. ಕಂಡಕ್ಟರ್ ಮೌಲಾಅಲಿ ಕಾಕಾ ಇದನ್ನು ಸಂಜೆಯ ಬಸ್ಸಿನಲ್ಲಿ ಬೆಲ್ಲದ ಬಾಗೇವಾಡಿಯ ತನಕ ಒಯ್ದು, ಅಲ್ಲಿ ನಮ್ಮೂರ ಶೆಟ್ಟೆಪ್ಪ ಮಾಮಾನ ಟಂಟಂ ಆಟೋದಲ್ಲಿ ಇಡುತ್ತಾರೆ. ಮೊದಲು ಹೊಲಿಗೆ ಮಷಿನ್ ನಿಲ್ಲಿಸು. ಕನ್ನಡಕ ಹಾಕಿಕೋ. ಆಮೇಲೆ ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂತೀ. ಫೋನಿನಲ್ಲಿ ನೀನು "ಊಟಾ ಆತೇನ?" ಅಂತೀ, ನಾನು "ಆತು, ನಿಂದು?" ಅಂತೀನಿ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಐದನೇ ಇಯತ್ತೆಯಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಅವ್ವನ ಜೊತೆ ಏನು ಮಾತಾಡಬೇಕೆಂದು ಅಲ್ಲಿ ಯಾರೂ ಕಲಿಸಲಿಲ್ಲ. ಯಾರಾದರೂ ಕೇಳಿದರೆ "ಐ ಆಮ್ ಫೈನ್" ಎಂದರೆ ಮುಗಿಯಿತು. ನಿನಗೆ ಹಾಗನ್ನಲು ನಾಲಿಗೆ ಬರುವುದಿಲ್ಲ. ಬರೆಯಲು ಕೂತರೆ ಮಾತ್ರ ಮಾತು ಬರುತ್ತದೆ.

ಸೋಮವಾರ ಬುತ್ತಿ ಮುಟ್ಟಿತು. ದೀಪಾವಳಿ ಮುಗಿದು ಬೈಪಾಸ್ ಶುರುವಾಗಿ, ಬಸ್ಸುಗಳು ಊರೊಳಗೆ ಬರುವುದು ನಿಂತ ಮೇಲೆ ನನಗೆ ಬಂದ ಮೊದಲ ಬುತ್ತಿ. ಅದು ಹೇಗೆ ಬಂತೆಂಬುದು ಮೌಲಾಅಲಿ ಕಾಕಾನಿಂದ ಗೊತ್ತಾಯಿತು.

ಅವ್ವಾ, ನಿನಗೆ ಬುದ್ಧಿ ಇದೆಯಾ? ಸಾರಿ. ಆದರೂ ಕೇಳುತ್ತೇನೆ. ಕಬ್ಬಿಣದ ಕಟಕಟೆ ಬಿಟ್ಟುಹೋದ ಸಂದಿಯಿಂದ ಇಳಿಜಾರು ಹತ್ತಿ, ಅರ್ಧ ರಸ್ತೆ ದಾಟಿ, ನಡುವಿನ ಡಿವೈಡರ್ ಮೇಲೆ ನಿಂತಿದ್ದೆಯಂತೆ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಸೆರಗು ಹಿಡಿದು ಬೀಸುತ್ತಿದ್ದೆಯಂತೆ. ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಎರಡೂ ಟ್ರೇಲಿ ಸಮೇತ ಪಕ್ಕಕ್ಕೆ ಹೊರಳಿ, ಬಸ್ಸಿನ ಬಾಲ ಸವರಿಕೊಂಡು ಹೋಗಿದೆ. ರಸ್ತೆ ತುಂಬ ಕಬ್ಬು. ನಿನ್ನ ಒಂದು ಚಪ್ಪಲಿ ಇಳಿಜಾರಿನ ಹುಲ್ಲಿನಲ್ಲೇ ಉಳಿದಿತ್ತು. ಅಷ್ಟಾದರೂ ಕಾಕಾನ ಕೈಗೆ ಡಬ್ಬಿ ಕೊಡುತ್ತ ನೀನು ಹೇಳಿದ್ದು ಏನು? "ಬಿಸಿ ಐತ್ರಿ, ಅಡ್ಡ ಹಿಡೀಬ್ಯಾಡ್ರಿ."

ಕಾಕಾ ಸಿಟ್ಟಿನಿಂದ, "ಗೌರಕ್ಕಾ, ಈಗ ನೀ ಸತ್ತಿದ್ದಿ ಅಂದ್ರ ಈ ಬದನಿಕಾಯಿ ಯಾರಿಗಿ ಕೊಡಬೇಕಿತ್ತ ನಾ?" ಅಂದರೆ, ನೀನು, "ಆಕೀಗೇ ಕೊಡ್ರಿ, ಇನ್ಯಾರಿಗಿ ಕೊಡ್ತೀರಿ?" ಅಂದೆಯಂತೆ. ಬಸ್ಸಿನಲ್ಲಿದ್ದ ಜನ ನಕ್ಕರಂತೆ. ನನಗೆ ನಗು ಬರಲಿಲ್ಲ.

ಇನ್ನೊಮ್ಮೆ ಮೇಲೆ ಹತ್ತಬೇಡ. ಈ ಪತ್ರದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡ. ನಮಗೆ ಸರ್ವೇ ಪಾಠ ಮಾಡುವ ಸರ್ ಕ್ಲಾಸಿನಲ್ಲಿ ಹೇಳಿದರು, ಅಂಥ ರಸ್ತೆಯ ಮೇಲೆ ಬರುವ ಗಾಡಿಗೆ ಮನುಷ್ಯ ಕಂಡ ಮೇಲೂ ನಿಲ್ಲಲು ಜಾಗ ಸಾಲುವುದಿಲ್ಲ ಎಂದು. ಹುಡುಗರು ನೋಟ್ಸ್ ಬರೆದುಕೊಂಡರು. ನಾನು ಪೆನ್ನು ಹಿಡಿದು ಕೂತಿದ್ದೆ. ನನಗೆ ಸೆರಗು ಬೀಸುವವಳು ಕಾಣುತ್ತಿದ್ದಳು.

ಬುತ್ತಿ ಬರದಿದ್ದರೆ ನನಗೇನೂ ತೊಂದರೆ ಇಲ್ಲ. ಮೆಸ್ಸಿನ ಊಟ ಚೆನ್ನಾಗಿದೆ. ಚಪಾತಿ, ಅನ್ನ, ಸಾರು ಎಲ್ಲಾ ಕೊಡುತ್ತಾರೆ. ರೂಮ್‌ಮೇಟ್ ಮಹೆಕಳಿಗೆ ಮೂಡಲಗಿಯಿಂದ ದಿನಾ ಬುತ್ತಿ ಬರುತ್ತದೆ, ಅವಳು ನನಗೆ ಬೇಡವೆಂದರೂ ಹಾಕುತ್ತಾಳೆ. "ತಿನ್ನಲೇ, ನಮ್ಮವ್ವ ನಿನ್ನ ಲೆಕ್ಕಾನೂ ಹಿಡದ ಮಾಡ್ಯಾಳ" ಅನ್ನುತ್ತಾಳೆ. ಅವಳ ಅವ್ವ ಹಾಗೆ ಲೆಕ್ಕ ಹಿಡಿದಿಲ್ಲವೆಂದು ನನಗೆ ಗೊತ್ತು, ಯಾಕೆಂದರೆ ನನಗೆ ಹಾಕಿದ ದಿನ ಮಹೆಕ ಹೊಟ್ಟೆ ತುಂಬಲೆಂದು ಎರಡು ಸಲ ನೀರು ಕುಡಿದು ಏಳುತ್ತಾಳೆ.

ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟಿಲ್ಲ. ಮಹೆಕಳ ಡಬ್ಬಿ ತರಲು ಜೊತೆಗೆ ಹೋಗುತ್ತೇನೆ ಅಷ್ಟೆ. ಒಂದೊಂದೇ ಬಸ್ ಬಂದು ಡಬ್ಬಿಗಳನ್ನು ಕಟ್ಟೆಯ ಮೇಲೆ ಇಳಿಸುತ್ತದೆ. ಬಣ್ಣದಲ್ಲಿ ಬರೆದ ಹೆಸರು ನೋಡಿ ಹುಡುಗರು ತಮ್ಮತಮ್ಮದು ಎತ್ತಿಕೊಳ್ಳುತ್ತಾರೆ. ಮುಂಚೆ ನನ್ನದನ್ನು ಹೆಸರು ನೋಡಿ ಹುಡುಕಬೇಕಿರಲಿಲ್ಲ. ನೀನು ಹೊಲಿದು ಉಳಿದ ಬ್ಲೌಸಿನ ತುಂಡಿನಲ್ಲಿ ಕಟ್ಟಿರುತ್ತಿದ್ದೆ. ಜರಿ ಅಂಚಿನ ತುಂಡು ಬಂದರೆ ಊರಲ್ಲಿ ಯಾರದೋ ಮದುವೆ ಅಂತ ತಿಳಿಯುತ್ತಿತ್ತು. ಬಿಳಿ, ನೀಲಿ ಬಂದರೆ ಸಾಲಿಯ ಯೂನಿಫಾರ್ಮ್. ಊರಿನ ಸುದ್ದಿ ನನಗೆ ಹಾಗೆಯೇ ಮುಟ್ಟುತ್ತಿತ್ತು, ನಿನಗೆ ಗೊತ್ತಿರಲಿಲ್ಲ. ಸೋಮವಾರದ ಡಬ್ಬಿಗೆ ಕಟ್ಟಿದ್ದು ನಿನ್ನದೇ ಹಳೆಯ ಸೀರೆಯ ತುಂಡು. ಅಂದರೆ ಮಷಿನ್ ಮೇಲೆ ಬೇರೆಯವರ ಬಟ್ಟೆ ಇಲ್ಲ. ಬಸ್ಸಿನಿಂದ ಇಳಿದು ಬಟ್ಟೆ ಕೊಟ್ಟುಹೋಗುವ ಆಚೀಚೆ ಊರಿನ ಹೆಂಗಸರು ಈಗ ಇಳಿಯುವುದಿಲ್ಲ, ಹೌದಲ್ಲ?  

ಬೈಪಾಸಿಗೆ ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಅಪ್ಪನಿಗೆ ಎದೆ ಹಿಡಿದ ದಿನ ಅಂಬ್ಯುಲೆನ್ಸ್ ಊರ ಅಗಸಿ ಬಾಗಿಲ ತನಕ ಬಂದಿತ್ತು. ಅಗಸಿಯಿಂದ ನಮ್ಮ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಪೇಟೆಯ ನಡುವೆ ಕಬ್ಬಿನ ಟ್ರೇಲಿಯೊಂದರ ಅಚ್ಚು ಮುರಿದು ಕೂತಿತ್ತು. ಹಿಂದೆ ಮುಂದೆ ಬಸ್ಸು, ಲಾರಿ, ಟ್ರ್ಯಾಕ್ಟರ್. ಕೊನೆಗೆ ಅಪ್ಪನನ್ನು ಹೊರಸಿನ ಮೇಲೆ ಹೊತ್ತು, ಗಾಡಿಗಳ ಸಂದಿಯಲ್ಲಿ ಒಯ್ದರು. ತಡವಾಗಿತ್ತು. ನಾನು ಆ ಹೊತ್ತಿಗೆ ಹಾಸ್ಟೆಲಿನಲ್ಲಿ ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದೆ.

ಗ್ರಾಮಸಭೆಯಲ್ಲಿ ಬೈಪಾಸ್ ಬೇಡವೆಂದು ಅಂಗಡಿಯವರೆಲ್ಲ ಎದ್ದಾಗ ನೀನು ಒಬ್ಬಳೇ ಎದ್ದು, "ನಮ್ಮ ಮನಿಯವರಿಗೆ ಹಾದಿ ಸಿಗಲಿಲ್ಲ. ಮುಂದಿನವರಿಗೆ ಸಿಗಲಿ" ಅಂದೆ. ನಾನು ಬೇಸಿಗೆ ರಜೆಗೆ ಬಂದಿದ್ದೆ, ಹೆಂಗಸರ ಹಿಂದೆ ಕೂತಿದ್ದೆ. ಹೋಟೆಲ್ ಸಿದ್ರಾಯ ಕಾಕಾ ಚೇಷ್ಟೆ ಮಾಡಿದ್ದು ನೆನಪಿದೆಯಾ? "ಆತ ಬಿಡ ಗೌರಕ್ಕಾ, ಬಸ್ ಹೊರಗಿಂದ ಹ್ವಾದ್ರ ಮಗಳ ಬುತ್ತಿ ಏನ ಇಮಾನದಾಗ ಕಳಸ್ತಿ?" ಎಲ್ಲರೂ ಹೋ ಎಂದು ನಕ್ಕರು. ನೀನು, "ಹೆಂಗರೆ ಕಳಸ್ತೇನಿ, ನೀ ನಿನ್ನ ಭಜಿ ಕರಿ" ಅಂದೆ. ಇನ್ನೂ ಜೋರಾಗಿ ನಕ್ಕರು. ಆ ಹಟದ ಮೇಲೆಯೇ ನೀನು ಇಳಿಜಾರು ಹತ್ತಿದ್ದು ಅಂತ ನನಗೆ ಗೊತ್ತು.

ಮೊನ್ನೆ ನಮ್ಮ ಓಣಿಯ ಅಲ್ಲವ್ವನ ಸೊಸೆಯ ಹೆರಿಗೆಗೆ ಅಂಬ್ಯುಲೆನ್ಸ್ ಎಲ್ಲೂ ನಿಲ್ಲದೆ ಬಂತೆಂದು ನೀನೇ ಫೋನಿನಲ್ಲಿ ಹೇಳಿದೆ. ನಿನ್ನ ದನಿಯಲ್ಲಿ ಖುಷಿ ಇತ್ತು. ಅದರ ಹಿಂದೆ ಮೌನ ಇತ್ತು. ಮುಂಚೆ ನೀನು ಫೋನ್ ಮಾಡಿದರೆ ಹಿಂದೆ ಹಾರ್ನ್, ಟ್ರ್ಯಾಕ್ಟರಿನ ಹಾಡು, ಬೈಗುಳ, ಎಲ್ಲಾ ಕೇಳುತ್ತಿತ್ತು. ಈಗ ಗೋಡೆ ಗಡಿಯಾರ ಕೇಳುತ್ತದೆ.

ಸರಿ, ಕೆಲಸದ ಮಾತಿಗೆ ಬರುತ್ತೇನೆ. ಮಂಗಳವಾರ ನಾನು, ಮಹೆಕ, ಮೌಲಾಅಲಿ ಕಾಕಾ ಮೂವರೂ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬರ ಹತ್ತಿರ ಹೋದೆವು. ನನಗೆ ಎಷ್ಟು ಟೆನ್ಶನ್ ಆಗಿತ್ತೆಂದರೆ ಹೇಳಬೇಕಾದದ್ದನ್ನು ಅಂಗೈ ಮೇಲೆ ಬರೆದುಕೊಂಡಿದ್ದೆ, ಬೆವರಿಗೆ ಅಳಿಸಿಹೋಯಿತು. "ಸರ್, ಆಕ್ಚುಯಲಿ" ಅಂದೆ, ಮುಂದೆ ಬರಲಿಲ್ಲ. ಸಾಹೇಬರು, "ಏನವಾ, ಆಕ್ಚುಯಲಿ ಏನಾಗೇತಿ?" ಅಂದರು. ಮಹೆಕ ನನ್ನ ಬೆನ್ನಿಗೆ ಗುದ್ದಿದಳು. ಆಮೇಲೆ ಹೇಳಿದೆ. ನಮ್ಮೂರ ಹತ್ತಿರ ಬೈಪಾಸಿನ ಕೆಳಗೆ ಅಂಡರ್‌ಪಾಸ್ ಇದೆ, ಅದರ ಬಾಜೂ ಸರ್ವಿಸ್ ರೋಡ್ ಇದೆ, ಅಲ್ಲಿ ಬಸ್ ನಿಲ್ಲಲೆಂದೇ ಜಾಗ ಬಿಟ್ಟು ತಗಡಿನ ಶೆಡ್ ಕಟ್ಟಿದ್ದಾರೆ. ಬಸ್ ಅಲ್ಲಿ ಇಳಿದು ಹೋದರೆ ಜನ ಮೇಲೆ ಹತ್ತುವುದಿಲ್ಲ ಎಂದೆ.

ಅವರು ನಕ್ಕರು. "ಆ ಶೆಡ್ಡಿನ್ಯಾಗ ಆಡ ಮಲಗಿರತಾವ ತಂಗಿ. ಬಸ್ ಇಳಿಸಿ ಆಡ ಹತ್ತಿಸಿಕೊಂಡ ಬರಬೇಕೇನ?"

ಕಾಕಾ ನಡುವೆ ಬಂದು, "ಸಾಹೇಬ್ರ, ಬಸ್ ಬರೂದಿಲ್ಲಂತ ಜನಾ ಅಲ್ಲಿ ನಿಂದ್ರೂದಿಲ್ಲ, ಜನಾ ನಿಂದ್ರೂದಿಲ್ಲಂತ ಬಸ್ ಹೋಗೂದಿಲ್ಲ. ಯಾರರೆ ಒಬ್ಬರು ಮೊದಲ ಹೋಗಬೇಕಲ್ರಿ? ಮೊನ್ನಿ ಒಬ್ಬಾಕಿ ನನ್ನ ಕಣ್ಣ ಮುಂದ ಸಾಯಾಕಿ ಉಳದಾಳ" ಎಂದರು. ಸಾಹೇಬರು ನಗು ನಿಲ್ಲಿಸಿದರು. ಯಾರು ಎಂದು ಕೇಳಿದರು. ಕಾಕಾ ನನ್ನ ಕಡೆ ನೋಡಿದರು. ನಾನೇ ಹೇಳಿದೆ.

ಆಗ ಒಪ್ಪಿದರು. ಬರುವ ಸೋಮವಾರದಿಂದ ಒಂದು ವಾರ, ಹುಕ್ಕೇರಿಯಿಂದ ಬೆಳಿಗ್ಗೆ ಬರುವ ಕಾಕಾನ ಬಸ್ ಕೆಳಗಿನ ರಸ್ತೆಗೆ ಇಳಿದು ಶೆಡ್ಡಿನ ಮುಂದೆ ನಿಲ್ಲುತ್ತದೆ. ಅಲ್ಲಿ ಜನ ಕಂಡರೆ ಮುಂದುವರಿಸುತ್ತಾರೆ, ಉಳಿದ ಬಸ್ಸುಗಳನ್ನೂ ಇಳಿಸಲು ಮೇಲಿನವರಿಗೆ ಬರೆಯುತ್ತಾರೆ. ಕಾಣದಿದ್ದರೆ ಮೇಲಿಂದಲೇ ಹೋಗುತ್ತದೆ, ಮತ್ತೆ ಬಂದು ಕೇಳಬೇಡ ಅಂದರು.

ಆದ್ದರಿಂದ ಅವ್ವಾ, ನೀನು ಕೆಳಗೆ ನಿಲ್ಲಬೇಕು. ಒಬ್ಬಳೇ ಅಲ್ಲ. ಸಂಜೆ ನಮ್ಮ ಕಟ್ಟೆಗೆ ಕೂರುವ ಹೆಂಗಸರನ್ನೆಲ್ಲ ಬೆಳಿಗ್ಗೆ ಅಲ್ಲಿಗೆ ಕರೆದುಕೊಂಡು ಹೋಗು. ಬಾಗೇವಾಡಿಯ ಸಂತೆಗೆ, ಗೋಕಾಕದ ಕೋರ್ಟಿಗೆ, ಕಾಲೇಜಿಗೆ ಹೋಗುವವರಿಗೆಲ್ಲ ಹೇಳು. ಈಗ ಅವರು ಟಂಟಂ ತುಂಬುವ ತನಕ ಕಾಯುತ್ತಾರೆ, ಇಲ್ಲವೇ ನಿನ್ನ ಹಾಗೆ ಮೇಲೆ ಹತ್ತಿ ಸಿಕ್ಕ ಗಾಡಿಗೆ ಕೈ ಮಾಡುತ್ತಾರೆ. ಸಿದ್ರಾಯ ಕಾಕಾಗೆ ಹೇಳು, ಚಹಾದ ಕಿಟ್ಲಿ ಶೆಡ್ಡಿನ ಬಾಜೂ ತರಲಿ. ಚಹಾ ಇದ್ದಲ್ಲಿ ಗಂಡಸರು ತಾವಾಗಿ ಬಂದು ನಿಲ್ಲುತ್ತಾರೆ. ಪೇಟೆಯಲ್ಲಿ ಭಜಿ ಆರಿಸಿಕೊಂಡು ಕೂರುವುದಕ್ಕಿಂತ ಅದು ಅವರಿಗೂ ಒಳ್ಳೆಯದು. ನೀನು ಹೇಳಿದರೆ ಮೊದಲು ಚೇಷ್ಟೆ ಮಾಡುತ್ತಾರೆ, ಆಮೇಲೆ ಬರುತ್ತಾರೆ. ಆಡುಗಳನ್ನು ಮಾತ್ರ ಓಡಿಸಬೇಕು.

ಇಷ್ಟು ಮಾಡು. ಬುತ್ತಿ ಕಳಿಸದಿದ್ದರೂ ನಡೆಯುತ್ತದೆ, ನಿಲ್ಲು. ನನ್ನ ಬಗ್ಗೆ ಚಿಂತೆ ಬೇಡ. ಅಭ್ಯಾಸ ಚೆನ್ನಾಗಿ ನಡೆದಿದೆ. ಟೆಸ್ಟಿನಲ್ಲಿ ಮಾರ್ಕ್ಸ್ ಪರವಾಗಿಲ್ಲ. ಕ್ಲಾಸಿನಲ್ಲಿ ಎಲ್ಲರ ಜೊತೆ ಮಾತಾಡುತ್ತೇನೆ.

ಎರಡನೇ ಚಪ್ಪಲಿ ಸಿಕ್ಕಿತಾ?

ನಿನ್ನ ಮಗಳು,
ಕಾಜಲ್

ತಾ.ಕ.: ಡಬ್ಬಿ ಮುಚ್ಚಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ. ಚಪ್ಪಲಿಯ ಸಂಗತಿ ಕಾಕಾ ಹೇಳಿದ್ದಲ್ಲ. ಬಾಗಿಲಲ್ಲಿ ನಿಂತಿದ್ದ ಅವರಿಗೆ ಇಳಿಜಾರು ಕಾಣುತ್ತಿರಲಿಲ್ಲ. ಅದು ಕಾಣುವುದು ಹಿಂದಿನ ಸೀಟಿನ ಕಿಟಕಿಯಿಂದ. ನಾನು ಆ ಬಸ್ಸಿನಲ್ಲಿದ್ದೆ, ಅವ್ವಾ.

ಭಾನುವಾರ ಹಾಸಿಗೆ, ಟ್ರಂಕು ಎಲ್ಲಾ ಕಟ್ಟಿಕೊಂಡು ಮನೆಗೆ ಹೊರಟಿದ್ದೆ. ಕಾಲೇಜು ಬಿಟ್ಟು, ಪೂರ್ತಿಯಾಗಿ. ಟೆಸ್ಟಿನಲ್ಲಿ ಎರಡು ಪೇಪರ್ ಹೋಗಿವೆ. ಮಹೆಕಳನ್ನು ಬಿಟ್ಟರೆ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಬುತ್ತಿಯೊಂದು ಬರುತ್ತಿದ್ದಾಗ ಹೇಗೋ ನಡೆಯುತ್ತಿತ್ತು. ಭಾನುವಾರ ನಾನು ಹತ್ತಿದ ಬಸ್ಸೂ ಬೈಪಾಸ್ ಮೇಲಿಂದಲೇ ಹೋಯಿತು. ನಮ್ಮ ಮನೆಯ ತಗಡು ಕೆಳಗೆ ಕಂಡಿತು, ಅಂಗಳದಲ್ಲಿ ನೀನು ಒಣಹಾಕಿದ ಸೀರೆ ಕಂಡಿತು. "ಎಕ್ಸ್‌ಕ್ಯೂಸ್ ಮೀ, ಸ್ಟಾಪ್ ಮಾಡ್ರಿ" ಅಂದೆ, ನನಗೇ ಕೇಳದಷ್ಟು ಸಣ್ಣಗೆ. ಹುಕ್ಕೇರಿಗೆ ಹೋಗಿಬಿಟ್ಟೆ. ಹಳೆಯ ಹಾಸ್ಟೆಲಿನ ಗೆಳತಿ ಸುಮನ್ ಮನೆಯಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ಕಾಕಾನ ಬಸ್ ಹತ್ತಿ, ನಮ್ಮೂರು ದಾಟಿದ ಮೇಲೆ ಸಿಗುವ ಬಾಗೇವಾಡಿಗೆ ಟಿಕೆಟ್ ತೆಗೆದೆ, ಅಲ್ಲಿಂದ ಟಂಟಂ ಹಿಡಿದು ಬರೋಣವೆಂದು.

ನೀನು ಸೆರಗು ಬೀಸುವುದು ಕಂಡಾಗ ನಾನು ಸೀಟಿನ ಕೆಳಗೆ ಬಗ್ಗಿದೆ. ನಿನ್ನ ಮುಖ ನೋಡಲಾಗಲಿಲ್ಲ. ಬಸ್ ಹೊರಟ ಮೇಲೆ ಕಾಕಾ ಹಿಂದೆ ಬಂದು, ಟ್ರಂಕ್ ನೋಡಿ, ನನ್ನನ್ನು ನೋಡಿ, ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇಟ್ಟರು. "ಬಿಸಿ ಐತಂತ" ಅಂದರು, ಅಷ್ಟೆ. ಖರೆ ಬಿಸಿ ಇತ್ತು. ಬಾಗೇವಾಡಿ ಬಂದಾಗ ಎರಡು ಸಲ ಸೀಟಿ ಊದಿ ನನ್ನ ಕಡೆ ನೋಡಿದರು. ನಾನು ಇಳಿಯಲಿಲ್ಲ, ಡಬ್ಬಿ ಹಿಡಿದು ಗೋಕಾಕಕ್ಕೇ ವಾಪಸ್ ಬಂದೆ.

ಶನಿವಾರ ಬರುತ್ತೇನೆ. ಟ್ರಂಕ್ ಇಲ್ಲ, ಪುಸ್ತಕದ ಚೀಲ ಮಾತ್ರ. ಸೋಮವಾರ ಶೆಡ್ಡಿನಲ್ಲಿ ನಿನ್ನ ಬಾಜೂ ನಿಂತು ಬಸ್ಸಿಗೆ ನಾನೇ ಕೈ ಮಾಡುತ್ತೇನೆ. ಬುತ್ತಿಯನ್ನೂ ನಾನೇ ಒಯ್ಯುತ್ತೇನೆ. ಅಡ್ಡ ಹಿಡಿಯುವುದಿಲ್ಲ.